ನಂಗೂ ಒಂದು ಗೆರೆ

ಆಗೆಲ್ಲ ನಮ್ಮ ಕಡೆ ಮಳೆಗಾಲ ಎಂದರೆ ಹೊಗೆಸೊಪ್ಪಿನ ಕಾಲ. ಹುಣಸೂರಿನಲ್ಲಿ ಬಸ್ಸು ಹತ್ತಿ ಪಿರಿಯಾಪಟ್ಟಣದಲ್ಲಿ ಇಳಿಯುವವರೆಗೂ ಕಿಟಕಿಯಿಂದ ಒಂದೇ ವಾಸನೆ ಬರುತ್ತಿತ್ತು. ಬೇಯುತ್ತಿರುವ ಸೊಪ್ಪಿನ ವಾಸನೆ, ಸ್ವಲ್ಪ ಸಿಹಿ, ಸ್ವಲ್ಪ ಘಾಟು, ಗಂಟಲಲ್ಲಿ ಹೋಗಿ ಕೂತರೆ ಏಳದಂಥದ್ದು. ನೀವು ಆ ಕಡೆಯವರಾದರೆ ಇದನ್ನೆಲ್ಲ ನಾನು ಹೇಳಬೇಕಾಗಿಲ್ಲ. ಮದುವೆಗೆ ಉಟ್ಟ ಸೀರೆಯಲ್ಲೂ ಆ ವಾಸನೆ ಇರುತ್ತಿತ್ತು, ಶಾಲೆಯ ಪುಸ್ತಕದಲ್ಲೂ ಇರುತ್ತಿತ್ತು.

ನಮ್ಮ ಬ್ಯಾರನ್ ಮನೆಯ ಹಿಂದೆಯೇ ಇತ್ತು. ಸೊಪ್ಪು ಬೇಯಿಸುವ ಎತ್ತರದ ಮಣ್ಣಿನ ಮನೆಗೆ ನಾವು ಬ್ಯಾರನ್ ಅನ್ನುತ್ತಿದ್ದೆವು. ಬೆಳಿಗ್ಗೆ ಹೊಲದಲ್ಲಿ ಮುರಿದ ಹಸಿ ಸೊಪ್ಪನ್ನು ಮಧ್ಯಾಹ್ನ ಜಗಲಿಯ ಮೇಲೆ ಗುಡ್ಡೆ ಹಾಕಿದರೆ ಅವ್ವ, ಅಕ್ಕಪಕ್ಕದ ಹೆಂಗಸರು, ಶಾಲೆಯಿಂದ ಬಂದ ನಾವು ಎಲ್ಲ ಸಾಲಾಗಿ ಕೂತು ಅದನ್ನು ಕಡ್ಡಿಗೆ ಕಟ್ಟುತ್ತಿದ್ದೆವು. ಎಲೆಯ ಅಂಟು ಬೆರಳಿಗೆ ಹತ್ತಿ ಕಪ್ಪಾಗುತ್ತಿತ್ತು. ಹುಣಸೆಹಣ್ಣು ಹಾಕಿ ಉಜ್ಜಿದರೂ ಪೂರ್ತಿ ಹೋಗುತ್ತಿರಲಿಲ್ಲ. ಮುದ್ದೆ ಮುರಿಯುವಾಗ ಮೊದಲ ತುತ್ತು ಕಹಿ, ಎರಡನೆಯದೂ ಕಹಿ, ಮೂರನೆಯದಕ್ಕೆ ನಾಲಿಗೆ ಒಗ್ಗಿಕೊಳ್ಳುತ್ತಿತ್ತು. ಮುರಿದ ಕಡ್ಡಿಗಳು ಮಕ್ಕಳ ಪಾಲು. ಅವುಗಳಲ್ಲಿ ಕತ್ತಿವರಸೆ ಆಡುವುದು, ಯಾರದೋ ಬೆನ್ನಿಗೆ ಬಾರಿಸುವುದು, ಆಮೇಲೆ ನಮ್ಮ ಬೆನ್ನಿಗೆ ಬಾರಿಸಿಕೊಳ್ಳುವುದು.

ಅಪ್ಪನಿಗೆ ಒಂದು ಹೆಸರಿತ್ತು. ಊರಿನಲ್ಲಿ ಅವನಂತೆ ಹಳದಿ ನೋಡುವವರು ಇರಲಿಲ್ಲ. ಸೊಪ್ಪು ಮೊದಲು ಹದವಾಗಿ ಹಳದಿ ತಿರುಗಬೇಕು, ಆಮೇಲೆ ಬೆಂಕಿ ಏರಿಸಿ ಒಣಗಿಸಬೇಕು. ಅವಸರ ಮಾಡಿದರೆ ಹಸಿರಾಗಿಯೇ ಒಣಗುತ್ತದೆ, ತಡ ಮಾಡಿದರೆ ಕಪ್ಪಾಗುತ್ತದೆ. ಬ್ಯಾರನ್ನಿನ ಗೋಡೆಯ ಪುಟ್ಟ ಗಾಜಿನ ಕಿಂಡಿಗೆ ಕಣ್ಣಿಟ್ಟು ಅಪ್ಪ "ಇನ್ನೊಂದ್ ಗಳಿಗೆ ತಡೀರಿ" ಎಂದರೆ ಎಲ್ಲರೂ ತಡೆಯುತ್ತಿದ್ದರು. ಬೇರೆ ಕೇರಿಯವರೂ ಬಂದು ಕರೆದುಕೊಂಡು ಹೋಗುತ್ತಿದ್ದರು. ಅಪ್ಪ ಮೀಸೆಯ ಮೇಲೆ ಕೈಯಾಡಿಸಿಕೊಂಡು ಹೋಗುತ್ತಿದ್ದ.

ನನಗೆ ಹತ್ತು, ನನ್ನ ತಮ್ಮ ಮಾದೇಶನಿಗೆ ನಾಲ್ಕು. ಆ ಸಲ ಸೊಪ್ಪಿನ ಕೆಲಸ ಜೋರಾಗಿ ಹಿಡಿದಿದ್ದಾಗ ನನಗೆ ವಾಂತಿ ಶುರುವಾಯಿತು. ಅನ್ನ ಕಂಡರಾಗದು, ಒಗ್ಗರಣೆ ವಾಸನೆ ಬಂದರೆ ಹಿತ್ತಿಲಿಗೆ ಓಟ. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಹಸಿ ಸೊಪ್ಪು ಮುಟ್ಟಿ ವಾಂತಿ ಮಾಡುವವರು ಪ್ರತಿ ವರ್ಷ ಇದ್ದೇ ಇರುತ್ತಿದ್ದರು. ಮಳೆಯಲ್ಲಿ ನೆನೆದ ಸೊಪ್ಪು ಹೊತ್ತರಂತೂ ಗಟ್ಟಿ ಆಳುಗಳೇ ತಲೆ ಹಿಡಿದುಕೊಂಡು ಕೂರುತ್ತಿದ್ದರು.

"ಸೊಪ್ಪಿನ ಅಮಲು ತಲೆಗತ್ತದೆ. ನಿಂಬೆಹಣ್ಣು ಮೂಸ್ಕೊಂಡು ಒಂದ್ ಕಡೆ ಬಿದ್ಕೊ ಓಗು" ಎಂದಳು ಅವ್ವ, ಕೈಯಲ್ಲಿದ್ದ ಕಡ್ಡಿ ಬಿಡದೆ.

ನಾನು ನಿಂಬೆಹಣ್ಣು ಮೂಸಿಕೊಂಡು ಬಿದ್ದುಕೊಂಡೆ. ಏಳಲಾಗುತ್ತಿರಲಿಲ್ಲ. ಆ ಸುಸ್ತು ಈಗಲೂ ನನಗೆ ನೆನಪಿದೆ. ಜ್ವರದ ಸುಸ್ತಲ್ಲ ಅದು, ಕೆಲಸದ ಸುಸ್ತೂ ಅಲ್ಲ. ಕೈ ಎತ್ತಿ ನೊಣ ಓಡಿಸುವುದೂ ಯಾಕೆ ಬೇಕು ಅನ್ನಿಸುವಂಥದ್ದು.

ಕಂಡುಹಿಡಿದವನು ಮಾದೇಶ. ಒಂದು ದಿನ ನನ್ನ ಮುಖದ ಮೇಲೆ ಮುಖವಿಟ್ಟು ನೋಡಿ, ಜಗಲಿಗೆ ಓಡಿಹೋಗಿ ಕೂಗಿದ, "ಅಪ್ಪೋ, ಅಕ್ಕನ ಕಣ್ಣು ಬೆಂದೋಗದೆ!"

ಎಲ್ಲರೂ ನಕ್ಕರು. ಅಪ್ಪ ನಗಲಿಲ್ಲ. ಒಳಗೆ ಬಂದು ನನ್ನನ್ನು ಎತ್ತಿ ಬಿಸಿಲಿಗೆ ತಂದು, ಎಲೆ ಮಗುಚುವಂತೆ ಹೆಬ್ಬೆರಳಲ್ಲಿ ರೆಪ್ಪೆ ಮಗುಚಿ ನೋಡಿದ. ತುಂಬ ಹೊತ್ತು ನೋಡಿದ.

"ಊರೋರ ಸೊಪ್ಪಿನ ಹಳದಿಯೆಲ್ಲ ನೋಡ್ದೆ. ಮನೇಲಿದ್ದ ಹಳದಿ ಕಾಣ್ನಿಲ್ಲ ನನ್ ಕಣ್ಗೆ" ಎಂದ. ಅಪ್ಪನ ದನಿ ಹಾಗೆ ಕುಗ್ಗಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಪಿರಿಯಾಪಟ್ಟಣದಲ್ಲಿ ಡಾಕ್ಟರು ನೋಡಿದರು. ಕಾಮಾಲೆ, ಕುಡಿಯುವ ನೀರಿನಿಂದ ಬಂದಿದೆ, ಇದಕ್ಕೆ ಅಂತ ಬೇರೆ ಔಷಧಿ ಇಲ್ಲ, ಮಲಗಿಸಿ, ಕಾಯಿಸಿದ ನೀರು ಕೊಡಿ, ತಾನಾಗಿ ಹೋಗುತ್ತದೆ ಎಂದರು. ಅವರು ಹೇಳಿದ್ದರಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ ಎಂದು ಈಗ ಗೊತ್ತು. ಬ್ಯಾರನ್ನುಗಳಿಗೆ ಸೌದೆ ತರುತ್ತಿದ್ದ ಟ್ರ್ಯಾಕ್ಟರುಗಳು ಚರಂಡಿಯ ಪಕ್ಕದ ಕುಡಿಯುವ ನೀರಿನ ಪೈಪನ್ನು ತುಳಿದು ಒಡೆದಿದ್ದವು. ನಮ್ಮ ಬೀದಿಯ ಅರ್ಧ ಮಕ್ಕಳ ಕಣ್ಣು ಅದೇ ವಾರದಲ್ಲಿ ಹಳದಿಯಾಯಿತು. ಆದರೆ ಔಷಧಿ ಇಲ್ಲ ಎನ್ನುವ ಡಾಕ್ಟರನ್ನು ನಂಬುವುದು ಹೇಗೆ? "ಮದ್ದೇ ಇಲ್ಲ ಅನ್ನೋಕೆ ಅಷ್ಟ್ ವರ್ಸ ಓದ್ಬೇಕಾ?" ಎಂದು ಬಸ್ಸಿನಲ್ಲಿ ಅವ್ವ ಪಕ್ಕದವಳ ಹತ್ತಿರ ಹೇಳಿಕೊಂಡಳು. ಪಕ್ಕದವಳು ನಾಟಿ ಔಷಧಿ ಕೊಡುವವರ ಊರು ಹೇಳಿದಳು. ಕೆ.ಆರ್. ನಗರದಿಂದ ಸಾಲಿಗ್ರಾಮದ ಕಡೆ ಹೋಗುವಾಗ ಒಳಕ್ಕೆ ಸಿಗುವ ಒಂದು ಊರು. ಭಾನುವಾರ ಮಾತ್ರ, ಖಾಲಿ ಹೊಟ್ಟೆಯಲ್ಲಿ.

ಭಾನುವಾರ ಬರುವವರೆಗೆ ನನಗೆ ಪಥ್ಯ. ಎಣ್ಣೆ ಇಲ್ಲ, ಕಾರ ಇಲ್ಲ, ಅರಿಶಿಣ ಬಿದ್ದದ್ದು ಯಾವುದೂ ಇಲ್ಲ. ಮಜ್ಜಿಗೆ ಅನ್ನ ಮತ್ತು ಗಂಜಿ. ಆದರೆ ಅದರ ಜೊತೆಗೆ ನಾವು ಹಬ್ಬದಲ್ಲೂ ಕಾಣದ ವಸ್ತುಗಳು ಮನೆಗೆ ಬಂದವು: ಮೂಸಂಬಿ, ಕಬ್ಬಿನ ಹಾಲು, ಡಬ್ಬಿಯಲ್ಲಿ ಗ್ಲೂಕೋಸ್ ಪುಡಿ, ಪೇಟೆಯ ಬನ್ನು. ಮಾದೇಶನ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ನನ್ನ ಹಾಸಿಗೆಯ ಪಕ್ಕ ಬಿಟ್ಟು ಕದಲಲೇ ಇಲ್ಲ. ನಾನು ಮೂಸಂಬಿಯ ಒಂದು ತೊಳೆ ಬಾಯಿಗಿಟ್ಟರೆ ಅವನ ಬಾಯಿ ತೆರೆಯುತ್ತಿತ್ತು. "ನಂಗೂ" ಅನ್ನುವುದು ಆಗ ಅವನಿಗೆ ಬರುತ್ತಿದ್ದ ಮಾತುಗಳಲ್ಲೆಲ್ಲ ದೊಡ್ಡ ಮಾತು. ಕೊಟ್ಟರೆ ತಿಂದು, ಬೆರಳು ನೆಕ್ಕಿ, ಕನ್ನಡಿಯ ಹತ್ತಿರ ಹೋಗಿ ಕಣ್ಣು ಅಗಲಿಸಿ ನೋಡಿಕೊಳ್ಳುತ್ತಿದ್ದ.

"ಅವ್ವಾ, ನನ್ ಕಣ್ಣೂ ಬೆಂದದಾ?"

"ನಿಂಗ್ ಬಾಯಿ ಬೆಂದದೆ, ಸುಮ್ಕಿರು."

ಇಬ್ಬರೂ ಒಂದೇ ತಟ್ಟೆಯಲ್ಲಿ ತಿಂದೆವು. ಉಪ್ಪಿಲ್ಲದ ಗಂಜಿಯನ್ನು ಅವನು ಪಾಯಸದಂತೆ ಸುರಿದು ಕುಡಿಯುತ್ತಿದ್ದ. ಹುಣಸೆಬೀಜ ಹಾಕಿಕೊಂಡು ಚೌಕಾಬಾರ ಆಡುತ್ತಿದ್ದೆವು. ಅವನಿಗೆ ಎಣಿಸಲು ಬರುತ್ತಿರಲಿಲ್ಲ, ಆದರೂ ಪ್ರತಿ ಸಲ ಅವನೇ ಗೆಲ್ಲಬೇಕು. ಜಗಳವಾಡಲು ನನಗೆ ತ್ರಾಣ ಇಲ್ಲದ್ದರಿಂದ ಅವನೇ ಗೆದ್ದ.

ಭಾನುವಾರ ಅಪ್ಪ ಬ್ಯಾರನ್ ಬಿಟ್ಟು ಬರುವಂತಿರಲಿಲ್ಲ. ಅವ್ವ ನನ್ನನ್ನು ಕರೆದುಕೊಂಡು ಹೊರಟಳು. ಬಿಟ್ಟು ಹೋದರೆ ಊರು ಒಂದು ಮಾಡುತ್ತಾನೆಂದು ಮಾದೇಶನನ್ನು ಸೊಂಟಕ್ಕೆ ಹಾಕಿಕೊಂಡಳು.

ಔಷಧಿ ಕೊಡುವವರನ್ನು ಎಲ್ಲರೂ ಯಜಮಾನ್ರು ಎನ್ನುತ್ತಿದ್ದರು. ಬಿಳಿ ಪಂಚೆ, ಹೆಗಲ ಮೇಲೆ ಟವಲು, ಮಕ್ಕಳನ್ನು ಕಂಡರೆ ಅರಳುವ ಮುಖ. ದುಡ್ಡು ಮುಟ್ಟುತ್ತಿರಲಿಲ್ಲ, ಎಲೆಅಡಿಕೆ ಇಟ್ಟು ಕೈ ಮುಗಿದರೆ ಸಾಕು. ಅವರನ್ನು ಕೆಟ್ಟವರು ಎನ್ನಲು ನನ್ನಿಂದ ಇವತ್ತಿಗೂ ಆಗುವುದಿಲ್ಲ. ಅವರ ಜಗಲಿಯ ಮುಂದೆ ಜನ ಸಾಲು ಕೂತಿದ್ದರು. ಎಚ್.ಡಿ. ಕೋಟೆ ಕಡೆಯಿಂದ ಬಂದವರಿದ್ದರು, ಬಿಳಿಕೆರೆಯವರಿದ್ದರು. ಮಕ್ಕಳು, ಮುದುಕರು, ಹೊಟ್ಟೆ ಊದಿದ ಒಬ್ಬ ಗಂಡಸು. ಯಜಮಾನರು ಅರೆದ ಸೊಪ್ಪಿನ ಉಂಡೆಯನ್ನು ಮೇಕೆ ಹಾಲಿನಲ್ಲಿ ಕದಡಿ ಕುಡಿಸುತ್ತಿದ್ದರು. ಆಮೇಲೆ ಮುಂಗೈ ಹಿಡಿದು, ಬೆರಳುದ್ದದ ಒಂದು ಚೂರಿಯಿಂದ ಸಣ್ಣ ಗೆರೆ ಎಳೆಯುತ್ತಿದ್ದರು. ರಕ್ತ ಮಿಣುಕಿದ ಕೂಡಲೇ ಅದರ ಮೇಲೆ ಹಸಿರು ರಸ ತಿಕ್ಕುತ್ತಿದ್ದರು. ಅದು ಅವರ ತಾತನ ಕಾಲದ ಚೂರಿ. ಗುಣ ಇರುವುದು ಚೂರಿಯಲ್ಲೇ ಎಂದು ಸಾಲಿನಲ್ಲಿದ್ದವರು ಮಾತಾಡಿಕೊಂಡರು. ನೀರು ಸೋಕಿಸಿದರೆ ಗುಣ ಹೋಗುತ್ತದಂತೆ. ಅದಕ್ಕೇ ಯಜಮಾನರು ಒಬ್ಬರಿಗೆ ಎಳೆದಾದ ಮೇಲೆ ಅದನ್ನು ಒಂದು ಎಲೆಯಿಂದ ಒರೆಸಿ ಇನ್ನೊಬ್ಬರಿಗೆ ಎಳೆಯುತ್ತಿದ್ದರು.

ಹೊಟ್ಟೆ ಊದಿದ ಆ ಗಂಡಸು ನನ್ನ ಮುಂದಿದ್ದ. ಅವನಾದ ಮೇಲೆ ನಾನು. ಉರಿಯಿತು, ಆದರೆ ಅಳಲಿಲ್ಲ. ಯಜಮಾನರು ಬೆನ್ನು ತಟ್ಟಿ "ಗಟ್ಟಿಗಿತ್ತಿ" ಎಂದು ಒಂದು ಚೂರು ಬೆಲ್ಲ ಕೊಟ್ಟರು. ಅಷ್ಟೇ ಸಾಕಾಯಿತು. ಮಾದೇಶ ಅವ್ವನ ಸೊಂಟದಿಂದ ಜಾರಿ ಇಳಿದು ತನ್ನ ಮುಂಗೈ ಚಾಚಿಕೊಂಡು ನಿಂತ.

"ನಂಗೂ."

"ನಿಂಗ್ಯಾಕ್ಲಾ? ನಿಂಗೇನಾಗದೆ?" ಎಂದಳು ಅವ್ವ.

ಮಾದೇಶ ನೆಲಕ್ಕೆ ಬಿದ್ದ. ಹೊರಳಾಡಿದ. ನಂಗೂ ಗೆರೆ, ನಂಗೂ ಗೆರೆ ಎಂದು ಅವನು ಅತ್ತ ಅಳು ಆ ಬೀದಿಗೆಲ್ಲ ಕೇಳಿಸಿರಬೇಕು. ಸಾಲಿನಲ್ಲಿದ್ದವರು ನಕ್ಕರು. ಅವ್ವ ಎತ್ತಲು ಹೋದರೆ ಬಿಲ್ಲಿನಂತೆ ಬಾಗಿದ. ಕೊನೆಗೆ ಅವಳೂ ನಗುತ್ತಾ ಯಜಮಾನರ ಕಡೆ ತಿರುಗಿದಳು.

"ಅಳ್ತದೆ ಕೂಸು. ಇವನಿಗೂ ಒಂದು ಎಳುದ್ಬುಡಿ ಯಜಮಾನ್ರೇ. ಮುಂದಕ್ಕೆ ಬರ್ದಂಗಾದ್ರೂ ಆಯ್ತದೆ."

"ಅದೂ ಸರಿ ಕಣವ್ವ. ಬರೋಕ್ ಮುಂಚೆ ಎಳೆಸ್ಕೊಂಡ್ರೆ ಜೀವಮಾನದಲ್ಲೂ ಬರಾಕಿಲ್ಲ" ಎಂದರು ಯಜಮಾನರು. ಎಲೆಯಿಂದ ಚೂರಿ ಒರೆಸಿದರು.

ಬರುವಾಗ ಬಸ್ಸಿನಲ್ಲಿ ಮಾದೇಶ ತನ್ನ ಕೈಯನ್ನು ನನ್ನ ಕೈಯ ಪಕ್ಕ ಇಟ್ಟು ಗೆರೆ ಅಳೆದ. ತನ್ನದೇ ಉದ್ದ ಎಂದ. ನಾನು ಹೂಂ ಎಂದೆ. ಬೆಲ್ಲದ ಅಂಟು ಮೆತ್ತಿದ ಕೈಯಲ್ಲಿ ನನ್ನ ಲಂಗ ಹಿಡಿದುಕೊಂಡೇ ನಿದ್ದೆ ಹೋದ.

ದಸರೆಯ ಹೊತ್ತಿಗೆ ನನ್ನ ಕಣ್ಣು ಬೆಳ್ಳಗಾಯಿತು. ಬೀದಿಯ ಮಕ್ಕಳೆಲ್ಲರದೂ ಆಯಿತು, ಗೆರೆ ಎಳೆಸಿಕೊಳ್ಳದವರದೂ ಆಯಿತು. ಆದರೆ ಅದನ್ನು ಯಾರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ? ಪುಣ್ಯ ಯಜಮಾನರ ಚೂರಿಗೆ ಹೋಯಿತು. ಅವರೆಕಾಯಿ ಕಾಲಕ್ಕೆ ಹಿತಕಿದ ಬೇಳೆ ಸಾರಿನಲ್ಲಿ ಮುದ್ದೆ ಅದ್ದಿ ತಿಂದಾಗ ನನಗೆ ಮತ್ತೆ ಹುಟ್ಟಿದಂತಾಯಿತು. ಮಾದೇಶ ಗಟ್ಟಿಮುಟ್ಟಾಗಿ ಬೆಳೆದ. ಮಟನ್ ತಂದ ದಿನ ಈಲಿಯ, ಅಂದರೆ ಲಿವರ್‌ನ, ತುಂಡು ಅವನಿಗೇ ಬೀಳುತ್ತಿತ್ತು. ಮನೆಗೆ ಬಂದವರಿಗೆಲ್ಲ ಅವ್ವ ಅವನ ಮುಂಗೈ ಎಳೆದು ತೋರಿಸುತ್ತಿದ್ದಳು. ಈ ಗೆರೆ ಇರುವುದರಿಂದಲೇ ನನ್ನ ಮಗನಿಗೆ ಕಾಮಾಲೆ ಸುಳಿಯಲಿಲ್ಲ ಎಂದು.

ಬಾಲ್ಯ ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ.

ಅಪ್ಪನ ಆಪರೇಷನ್ನಿಗೆ ರಕ್ತ ಬೇಕೆಂದಾಗ ಮಾದೇಶ ಕೊಡಲು ಹೋದ. ಅಷ್ಟರಲ್ಲಿ ಅವನಿಗೆ ಮದುವೆಯಾಗಿತ್ತು, ಸ್ವಂತ ಗೂಡ್ಸ್ ಆಟೊ ಓಡಿಸುತ್ತಿದ್ದ. ರಕ್ತ ತೆಗೆದುಕೊಂಡವರು ಎರಡು ದಿನ ಬಿಟ್ಟು ಫೋನ್ ಮಾಡಿ ಒಂದು ಸಲ ಬಂದು ಹೋಗಿ ಎಂದರು. ನಾನೂ ಜೊತೆಗೆ ಹೋದೆ. ಹೆಪಟೈಟಿಸ್ ಬಿ ಎಂದರು. ಕಾಮಾಲೆ ಬಂದದ್ದು ನನಗಲ್ಲವೇ, ಇವನಿಗೆ ಬಂದೇ ಇಲ್ಲ ಎಂದು ನಾನು ವಾದಿಸಿದೆ. ಮೈಸೂರಿನ ಡಾಕ್ಟರಮ್ಮ ಸಿಟ್ಟಾಗದೆ ಕೂರಿಸಿಕೊಂಡು ಹೇಳಿದರು.

ನಿಮಗೆ ಬಂದದ್ದು ನೀರಿನಿಂದ ಬರುವಂಥದ್ದು, ಕಣ್ಣು ಹಳದಿ ಮಾಡಿ, ಗದ್ದಲವೆಬ್ಬಿಸಿ, ತಾನಾಗಿ ಹೋಗುತ್ತದೆ. ಇದು ರಕ್ತದಿಂದ ರಕ್ತಕ್ಕೆ ಹೋಗುವ ಬೇರೆಯದೇ ವೈರಸ್. ದೊಡ್ಡವರಿಗೆ ತಗುಲಿದರೆ ಹೆಚ್ಚಿನವರ ಮೈ ಅದನ್ನು ಒದ್ದೋಡಿಸುತ್ತದೆ. ಎಳೆ ಮಗುವಿನ ಮೈಗೆ ಇದು ಹೊರಗಿನದು ಎಂದು ಗೊತ್ತಾಗುವುದಿಲ್ಲ, ಮನೆಯೊಳಗೇ ಇರಗೊಡುತ್ತದೆ. ಅದು ಲಿವರ್‌ನಲ್ಲಿ ಸುಮ್ಮನೆ ಕೂತು ವರ್ಷಗಟ್ಟಲೆ ತನ್ನ ಕೆಲಸ ಮಾಡುತ್ತದೆ. ಕಣ್ಣು ಹಳದಿಯಾಗುವುದಿಲ್ಲ, ನೋವಿರುವುದಿಲ್ಲ. ಗೊತ್ತಾಗುವ ಹೊತ್ತಿಗೆ ಲಿವರ್ ಅಲ್ಲಲ್ಲಿ ಗಟ್ಟಿಯಾಗಿರುತ್ತದೆ. ಮಾದೇಶನದು ಆಗಿತ್ತು.

ಹೇಗೆ ಬಂತು ಎಂದು ಕೇಳಿದೆವು. ತಾಯಿಯಿಂದ ಬರುವುದೇ ಹೆಚ್ಚು ಎಂದರು. ಶುಗರ್ ಪರೀಕ್ಷೆ ಎಂದು ಸುಳ್ಳು ಹೇಳಿ ಅವ್ವನ ರಕ್ತ ತೆಗೆಸಿದೆವು. ಅವಳಲ್ಲಿ ಅದರ ಸುಳಿವೂ ಇರಲಿಲ್ಲ. ನನ್ನ ರಕ್ತವನ್ನೂ ನೋಡಿದರು, ಅದರಲ್ಲಿ ಮಾತ್ರ ಅದೇ ವೈರಸ್ ಎಂದೋ ಬಂದು ಹೋದ ಗುರುತಿತ್ತು. ಆಗ ಮಾದೇಶ ಅಂಗಿಯ ತೋಳು ಮೇಲೆತ್ತಿ ಡಾಕ್ಟರಮ್ಮನಿಗೆ ಗೆರೆ ತೋರಿಸಿದ. ನಾನೂ ನನ್ನದನ್ನು ತೋರಿಸಿದೆ. ಅವರು ಎರಡನ್ನೂ ನೋಡಿ, ಇರಬಹುದು, ಆ ಕಾಲದಲ್ಲಿ ಒಂದೇ ಸೂಜಿಯಲ್ಲಿ ಎಲ್ಲರಿಗೂ ಚುಚ್ಚುತ್ತಿದ್ದ ಕಡೆಯೂ ಇತ್ತು, ಇದರಿಂದಲೇ ಎಂದು ಈಗ ಯಾರೂ ಹೇಳಲಾಗುವುದಿಲ್ಲ ಎಂದರು. ನಾವಿಬ್ಬರೂ ತಲೆಯಾಡಿಸಿದೆವು. ಆದರೆ ನನ್ನ ಕಣ್ಣ ಮುಂದೆ ಹೊಟ್ಟೆ ಊದಿದ ಆ ಗಂಡಸು ಕೂತೇ ಇದ್ದ.

ಅವತ್ತಿನಿಂದ ದಿನಕ್ಕೊಂದು ಮಾತ್ರೆ, ಆರು ತಿಂಗಳಿಗೊಮ್ಮೆ ಸ್ಕ್ಯಾನಿಂಗ್. ಖಾಲಿ ಹೊಟ್ಟೆಯಲ್ಲಿ ಮೊದಲ ಬಸ್ಸು ಹತ್ತಿ ಮೈಸೂರಿಗೆ ಹೋಗುತ್ತೇವೆ. ಬಿಳಿಕೆರೆ ದಾಟುವಷ್ಟರಲ್ಲಿ ಅವನು ಕಿಟಕಿಗೆ ತಲೆಯಾನಿಸಿ ನಿದ್ದೆ ಮಾಡಿರುತ್ತಾನೆ. ನನಗೆ ಹತ್ತನೇ ವಯಸ್ಸಿನಲ್ಲಿ ಕೆಲವು ವಾರ ಇದ್ದ ಸುಸ್ತು ಈಗ ಅವನ ಮೈಗೆ ತನಗೆ ಬೇಕೆಂದಾಗ ಬಂದು ತನಗೆ ಬೇಕೆಂದಾಗ ಹೋಗುತ್ತದೆ. ನನಗೂ ಸಾಕಾಗಿದೆ, ಸುಳ್ಳು ಯಾಕೆ ಹೇಳಲಿ. ಆಸ್ಪತ್ರೆಯ ಬೆಂಚು ಸಾಕಾಗಿದೆ. ಲಿವರ್ ಎಂದ ಕೂಡಲೇ "ಕುಡೀತಿದ್ನಾ?" ಎಂದು ಕೇಳುವವರಂತೂ ಸಾಕೇ ಸಾಕಾಗಿದ್ದಾರೆ. ಅವನು ಒಂದು ತೊಟ್ಟು ಮುಟ್ಟಿದವನಲ್ಲ. ಅವನ ಹೆಂಡತಿ ರೂಪಾಗೆ ಲಸಿಕೆ ಹಾಕಿಸಿದ್ದೇವೆ. ಮಗಳು ಸಿಂಚುಗೆ ಹುಟ್ಟಿದ ದಿನವೇ ಹಾಕಿದ್ದಾರೆ. ತಟ್ಟೆ ಲೋಟದಿಂದ ಹರಡುವುದಿಲ್ಲ, ಬ್ಲೇಡು ಮತ್ತು ಹಲ್ಲಿನ ಬ್ರಷ್ ಮಾತ್ರ ಬೇರೆ ಇರಲಿ ಎಂದು ಡಾಕ್ಟರಮ್ಮ ಎಷ್ಟು ಸಲ ಹೇಳಿದರೂ ಮಾದೇಶ ತನ್ನ ತಟ್ಟೆ ತಾನೇ ತೊಳೆದು ಬೇರೆ ಕಡೆ ಬೋರಲು ಹಾಕುತ್ತಾನೆ. ಅವ್ವ ಕೇಳಿದರೆ, ಗ್ಯಾಸ್ಟ್ರಿಕ್, ಕಾರ ತಾಗಬಾರದು ಎನ್ನುತ್ತಾನೆ. ಮಾತ್ರೆಯೂ ಗ್ಯಾಸ್ಟ್ರಿಕ್ ಮಾತ್ರೆಯೇ. ಅಪ್ಪ ತೀರಿಕೊಂಡ ಮೇಲೆ ಅವ್ವ ಅವನ ಮುಖ ನೋಡಿಕೊಂಡೇ ಇರುವವಳು. ಅವಳಿಗೆ ಹೇಳುವುದು ಬೇಡ ಎಂದು ನಾವಿಬ್ಬರೂ ಮಾತಾಡಿಕೊಂಡಿದ್ದೆವು.

ಈ ಮಳೆಗಾಲದಲ್ಲಿ ಊರಿನ ಮಕ್ಕಳ ಕಣ್ಣು ಮತ್ತೆ ಹಳದಿಯಾಯಿತು. ನಾನು ಅವ್ವನ ಮನೆಗೆ ಹೋದ ದಿನ ಊಟವಾಗಿ ಎಲ್ಲರೂ ಜಗಲಿಯ ಮೇಲೆ ಕೂತಿದ್ದೆವು. ಸಿಂಚು ಅವ್ವನ ತೊಡೆಯ ಮೇಲಿದ್ದಳು.

"ಬರೋ ಭಾನ್ವಾರ ಇವಳಿಗೊಂದು ಗೆರೆ ಎಳಸ್ಕೊಂಡು ಬತ್ತೀನಿ. ಯಜಮಾನ್ರು ತೀರೋದ್ಮೇಲೆ ಅವರ ಮಗ ಕೊಡ್ತಾವ್ನಂತೆ. ಚೂರಿನೂ ಅದೇ ಅಂತೆ" ಎಂದಳು ಅವ್ವ.

"ಬ್ಯಾಡ ಕಣವ್ವ. ಅವಳಿಗೆ ಹುಟ್ಟಿದ್ ದಿನವೇ ಆಸ್ಪತ್ರೇಲಿ ಹಾಕವ್ರೆ" ಎಂದ ಮಾದೇಶ.

ಅವ್ವ ಮಗುವಿನ ಎರಡೂ ಕೈ ಮಗುಚಿ ನೋಡಿದಳು. "ಎಲ್ಲ್ ಹಾಕವ್ರೆ? ಗುರ್ತೇ ಇಲ್ವಲ್ಲೋ."

"ಈಗಿಂದು ಗುರ್ತು ಉಳಿಯಾಕಿಲ್ಲ."

"ಗುರ್ತಿಲ್ದೆ ಅದೆಂಥ ಔಸ್ದಿಯೋ. ಇಲ್ಲ್ ನೋಡು, ಇದು ಔಸ್ದಿ" ಎಂದು ಅವ್ವ ಅವನ ಮುಂಗೈ ಎಳೆದುಕೊಂಡು ರೂಪಾಗೆ ತೋರಿಸಿದಳು. ಆಮೇಲೆ ಉಸಿರುಬಿಟ್ಟು, "ಓಗ್ಲಿ ಬುಡು, ನಿನ್ ಮಗಳಿಗೆ ಬ್ಯಾಡ. ಆ ಕೆಂಪಮ್ಮನ ಮೊಮ್ಮಗನಿಗಾದ್ರೂ ಎಳಸ್ಕೊಂಡು ಬತ್ತೀನಿ. ಅವರ ಮನೇಲಿ ಕರ್ಕೊಂಡೋಗೋರು ಯಾರವ್ರೆ? ಪಾಪ, ಇನ್ನೂ ಮೂರ್ ವರ್ಸದ ಕೂಸು" ಎಂದಳು.

ಮಾದೇಶ ನನ್ನ ಕಡೆ ನೋಡಿದ. ಅವನ ಕೈ ಇನ್ನೂ ಅವ್ವನ ಕೈಯಲ್ಲೇ ಇತ್ತು.

"ಅವ್ವಾ, ಯಾರ್ನೂ ಕರ್ಕೊಂಡೋಗ್ಬ್ಯಾಡ."

"ಯಾಕ್ಲಾ?"

"ನಾ ದಿನಾ ನುಂಗೋದು ಗ್ಯಾಸ್ಟ್ರಿಕ್ ಮಾತ್ರೆ ಅಲ್ಲ ಕಣವ್ವ."

ಅವನು ನಿಧಾನವಾಗಿ ಹೇಳಿದ. ರಕ್ತ ಕೊಡಲು ಹೋದದ್ದು, ಲಿವರ್ ಗಟ್ಟಿಯಾಗಿರುವುದು, ತೊಳೆಯದ ಚೂರಿ. ಸೂಜಿಯಿಂದಲೂ ಬಂದಿರಬಹುದು, ಯಾರೂ ಹೇಳಲಾಗುವುದಿಲ್ಲ ಎಂದು ಎರಡು ಸಲ ಹೇಳಿದ. ಅವ್ವ ಸೂಜಿಯ ಮಾತನ್ನು ಕೇಳಿಸಿಕೊಳ್ಳಲೇ ಇಲ್ಲ ಎಂದು ಅವಳ ಮುಖ ನೋಡಿದರೆ ಗೊತ್ತಾಗುತ್ತಿತ್ತು.

"ಯಾವಾಗ್ ವಾಸಿಯಾದದು?" ಎಂದು ಕೇಳಿದಳು.

"ಪೂರ್ತಿ ಓಗಾಕಿಲ್ಲವ್ವ. ಮಾತ್ರೆ ನುಂಗ್ತಾ ಇದ್ರೆ ಸುಮ್ಕಿರ್ತದೆ."

ಅವ್ವ ಸೆರಗಿನ ತುದಿಯಿಂದ ಅವನ ಗೆರೆಯನ್ನು ಒರೆಸತೊಡಗಿದಳು. ಮಕ್ಕಳ ಕೈಗೆ ಮೆತ್ತಿದ ಮಣ್ಣು ಒರೆಸುವ ಹಾಗೆ. ಅವನು ಬಿಡಿಸಿಕೊಳ್ಳಲಿಲ್ಲ.

"ನೀನ್ ಅಳ್ತಿದ್ದೆ ಕಣೋ ಮಗಾ. ಅಕ್ಕಂಗೆ ಎಳುದ್ರು, ನಂಗೂ ಬೇಕು ಅಂತ ಅಳ್ತಿದ್ದೆ. ನಂಗ್ ನೋಡಾಕಾಗ್ನಿಲ್ಲ ಕಣೋ" ಎಂದಳು.

ಕೆಂಪಮ್ಮನ ಮನೆಗೆ ಅವ್ವನೇ ಹೋಗಿ ಬೇಡ ಎಂದು ಹೇಳಿ ಬಂದಳು. ಅವತ್ತಿನಿಂದ ಯಾರಿಗೂ ಮಗನ ಕೈ ತೋರಿಸಿಲ್ಲ. ಬ್ಯಾರನ್ ಈಗ ಪಾಳು ಬಿದ್ದಿದೆ, ಅಪ್ಪ ಕಣ್ಣಿಡುತ್ತಿದ್ದ ಕಿಂಡಿಯ ಗಾಜು ಒಡೆದಿದೆ. ಅವೆಲ್ಲ ಹೋದದ್ದಕ್ಕೆ ನನಗೆ ಅಷ್ಟು ಸಂಕಟವಿಲ್ಲ, ಹೋಗುವಂಥವು ಹೋದವು.

ಕಳೆದ ಸಲ ಸ್ಕ್ಯಾನಿಂಗ್ ಮುಗಿಸಿ ಬಸ್‌ಸ್ಟ್ಯಾಂಡಿಗೆ ಬಂದಾಗ ಮೂಸಂಬಿ ಕೊಂಡೆ. ಸುಲಿದು ಅವನ ಕೈಗಿಟ್ಟೆ. ಒಂದೇ ಒಂದು ತೊಳೆ ಬಿಡಿಸಿಕೊಂಡು ಉಳಿದದ್ದನ್ನು ನನಗೇ ಕೊಟ್ಟ. "ನಂಗ್ ಸಾಕು, ನೀನ್ ತಿನ್ನಕ್ಕ" ಎಂದ. ನಾನು ಅವನ ಪಕ್ಕ ಕೂತು ತಿಂದೆ. ನನ್ನ ಕೈಯ ತೊಳೆ ಬಾಯಿಗೆ ಹೋಗುವಷ್ಟರಲ್ಲಿ ಅವನು ನಂಗೂ ಅನ್ನಲಿ ಎಂದು ಕೊನೆಯ ತೊಳೆಯವರೆಗೂ ಕಾದೆ.